ಹೋಲಿಸಿ ನೋಡಲು ಮನೆಯವರು ಬೇಕಲ್ವಾ?

ಕಳೆದ ಸಂಚಿಕೆಯಲ್ಲಿ ಮೆಡಿಟರೇನಿಯನ್ ಸಮುದ್ರದ ದೋಣಿ ದುರಂತಗಳ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಡಿಎನ್‌ಎ ಪರೀಕ್ಷೆ ಇರುವ ಕಾಲದಲ್ಲೂ ಇಷ್ಟೊಂದು ವಲಸಿಗರ ಶವಗಳು ಹೆಸರಿಲ್ಲದೆ ಮಣ್ಣಾಗುವುದು ಯಾಕೆ? ಸತ್ತವರ ಗುರುತಿಗೆ ಸುರಿಯುವ ದುಡ್ಡನ್ನು ಬದುಕಿರುವವರಿಗೆ ಕೊಡಬಾರದೇ?

ಲ್ಯಾಬ್‌ನಲ್ಲಿ ಸಿಗುವುದು ಅರ್ಧ ಉತ್ತರ ಮಾತ್ರ. ಮೂಳೆಯಿಂದ ಡಿಎನ್‌ಎ ತೆಗೆದರು ಅಂತಿಟ್ಟುಕೊಳ್ಳಿ. ಅದನ್ನು ಯಾರ ಜೊತೆ ಹೋಲಿಸುವುದು? ವಿಮಾನ ಬಿದ್ದರೆ ಪ್ರಯಾಣಿಕರ ಪಟ್ಟಿ ಇರುತ್ತದೆ. ಕದ್ದು ಸಾಗಿಸುವವರ ದೋಣಿಗೆ ಎಲ್ಲಿಯ ಪಟ್ಟಿ? ಸತ್ತವನ ತಾಯಿ ಆಫ್ರಿಕಾದ ಎರಿಟ್ರಿಯಾದಲ್ಲೋ ಮಾಲಿಯಲ್ಲೋ ಇರುತ್ತಾಳೆ. ತಮ್ಮ ಯುರೋಪಿನಲ್ಲೇ ಕಾಗದಪತ್ರ ಇಲ್ಲದೆ ದಿನ ದೂಡುತ್ತಿರುತ್ತಾನೆ. ಅಣ್ಣ ಕಾಣೆಯಾಗಿದ್ದಾನೆ ಎಂದು ಪೊಲೀಸರ ಹತ್ತಿರ ಹೋದರೆ ತನ್ನನ್ನೇ ಗಡೀಪಾರು ಮಾಡಿಬಿಟ್ಟರೆ ಎಂಬ ಭಯ ಅವನಿಗೆ.

ರೆಡ್ ಕ್ರಾಸ್‌ನ ‘ಟ್ರೇಸ್ ದ ಫೇಸ್’ ಎಂಬ ವೆಬ್‌ಸೈಟ್ ಈ ಭಯವನ್ನು ಅರ್ಥ ಮಾಡಿಕೊಂಡಿದೆ. ಅಲ್ಲಿ ಕಾಣೆಯಾದವರ ಫೋಟೊ ಹಾಕುವುದಿಲ್ಲ, ಹುಡುಕುತ್ತಿರುವವರ ಫೋಟೊ ಹಾಕುತ್ತಾರೆ. ಹೆಸರೂ ಇರುವುದಿಲ್ಲ. ಯಾರನ್ನು ಹುಡುಕುತ್ತಿದ್ದಾರೆ, ಮಗನನ್ನೋ ತಂಗಿಯನ್ನೋ, ಅಷ್ಟೇ. ಮೆಕ್ಸಿಕೊ ಗಡಿ ದಾಟುವ ವಲಸಿಗರು ಸಾಯುವ ಅಮೆರಿಕದ ಅರಿಜೋನಾದಲ್ಲಿ ಕೊಲಿಬ್ರಿ ಸೆಂಟರ್ ಎಂಬ ಸಂಸ್ಥೆ ಪೊಲೀಸರನ್ನು ಬದಿಗಿಟ್ಟು ತಾನೇ ಮನೆಯವರಿಂದ ದೂರು ಪಡೆದು, ಡಿಎನ್‌ಎ ಮಾದರಿಗಳನ್ನೂ ಸಂಗ್ರಹಿಸಿತು. ಬುದ್ಧಿವಂತಿಕೆಯ ಕೆಲಸ ಅಂದರೆ ಇದು. ದುಬಾರಿ ಯಂತ್ರಗಳ ಬಗ್ಗೆ ನಾವು ಸುಮ್ನೆ ಜಾಸ್ತಿ ಮಾತಾಡುತ್ತೇವೆ.

2015ರ ಏಪ್ರಿಲ್ 18ರಂದು ಲಿಬಿಯಾ ಕಡೆಯಿಂದ ಹೊರಟ ಒಂದು ಮೀನುಗಾರಿಕೆ ದೋಣಿ ಮುಳುಗಿ ನೂರಾರು ಜನ ಸತ್ತರು. ಮರುವರ್ಷ ಇಟಲಿಯ ನೌಕಾಪಡೆ ಸುಮಾರು 370 ಮೀಟರ್ ಆಳದಿಂದ ಅದನ್ನು ಮೇಲೆತ್ತಿ ಸಿಸಿಲಿಗೆ ತಂದಿತು. ಮಿಲಾನ್ ವಿಶ್ವವಿದ್ಯಾಲಯದ ವಿಧಿವಿಜ್ಞಾನ ತಜ್ಞೆ ಕ್ರಿಸ್ಟಿನಾ ಕಟಾನಿಯೊ ಅವರ ತಂಡ ಶವಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಮಾಲಿ ದೇಶದ, ಹದಿನಾಲ್ಕರ ಆಸುಪಾಸಿನ ಒಬ್ಬ ಹುಡುಗನ ಬಟ್ಟೆಯೊಳಗೆ ಏನೋ ಇಟ್ಟು ಹೊಲಿದಂತಿತ್ತು. ಹೊಲಿಗೆ ಬಿಚ್ಚಿದರೆ ಶಾಲೆಯ ಮಾರ್ಕ್ಸ್ ಕಾರ್ಡ್! ಓದಬಲ್ಲೆ, ನನ್ನನ್ನು ಸೇರಿಸಿಕೊಳ್ಳಿ ಎಂದು ಯಾರಿಗೋ ತೋರಿಸಬೇಕೆಂದಿದ್ದನೇನೋ. ಇನ್ನು ಕೆಲವರ ಹತ್ತಿರ ಊರಿನ ಮಣ್ಣಿನ ಪುಟ್ಟ ಪೊಟ್ಟಣಗಳು ಸಿಕ್ಕಿವೆ. ಇಂಥ ವಸ್ತುಗಳು ದಾರಿ ತೋರಿಸುತ್ತವೆ, ನಿಜ. ಆದರೆ ಒಬ್ಬರ ವಸ್ತು ಇನ್ನೊಬ್ಬರ ಜೇಬಿನಲ್ಲಿರಬಹುದು. ಹಾಗಾಗಿ ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರರಲ್ಲಿ ಒಂದಾದರೂ ಹೊಂದಬೇಕು ಎನ್ನುತ್ತದೆ ಅಂತಾರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್. ಸುತ್ತಿ ಬಳಸಿ ಮತ್ತೆ ಆ ತಾಯಿ, ಆ ತಮ್ಮನ ಹತ್ತಿರವೇ ಬರಬೇಕು.

ಇನ್ನು ದುಡ್ಡಿನ ಮಾತು. ಈ ಖರ್ಚು ಸತ್ತವರಿಗೆ ಎಂದು ನೀವು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಗಂಡ ಸತ್ತಿದ್ದಕ್ಕೆ ದಾಖಲೆ ಇಲ್ಲದ ಹೆಂಗಸು ಅನೇಕ ಕಡೆ ಮರುಮದುವೆ ಆಗುವಂತಿಲ್ಲ, ಆಸ್ತಿಯಲ್ಲಿ ಪಾಲು ಕೇಳುವಂತಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮಗುವನ್ನು ಬೇರೆ ದೇಶದಲ್ಲಿರುವ ಚಿಕ್ಕಮ್ಮ ಕರೆಸಿಕೊಳ್ಳಬೇಕೆಂದರೂ ಅಧಿಕಾರಿಗಳು ಮೊದಲು ಕೇಳುವುದು ಮರಣ ಪ್ರಮಾಣಪತ್ರ. ಗುರುತೇ ಸಿಗದ ಶವಕ್ಕೆ ಆ ಪತ್ರ ಕೊಡುವವರು ಯಾರು?