ಹೈಸ್ಕೂಲ್ ಬ್ಯಾಂಡಿಗೆ ಸೇರಿದರೆ ವರ್ಷವಿಡೀ ಏನಿರುತ್ತದೆ? ಓದಿಗೆ ತೊಂದರೆಯಾಗುತ್ತದೆಯೇ?

ಧಾರವಾಡದಲ್ಲಿ ಎಂಟನೇ ತರಗತಿಗೆ ಬಂದ ಮಗಳನ್ನು ಶಾಲೆಯ ಬ್ಯಾಂಡಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಸೇರಿಸಿರಿ.

ನಿಜವಾದ ಒತ್ತಡ ಇರುವುದು ಜೂನ್‌ನಿಂದ ಆಗಸ್ಟ್ 15ರವರೆಗೆ. ಹತ್ತನೆಯವರು ಪಾಸಾಗಿ ಹೋಗಿರುತ್ತಾರೆ, ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಮೊದಮೊದಲು ಡ್ರಮ್ಮು ಕೈಗೆ ಸಿಗುವುದೇ ಅಪರೂಪ. ಬೆಂಚಿನ ಮೇಲೆ ಕೋಲಿನಿಂದ ಎಡ-ಬಲ ಬಡಿಯುವುದು, ನಿಂತಲ್ಲೇ ಹೆಜ್ಜೆ ಹಾಕುವುದು. ಪಥಸಂಚಲನದ ನಡಿಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಆ ಲಯ ಕಾಯುವುದು ಬಾಸ್ ಡ್ರಮ್ಮು, ಅಂದರೆ ಎದೆಗೆ ಕಟ್ಟಿಕೊಳ್ಳುವ ದೊಡ್ಡ ಡ್ರಮ್ಮು. ಅದಕ್ಕೆ ದಪ್ಪ ಮೈಕಟ್ಟಿನ ಹುಡುಗನನ್ನು ಹುಡುಕುವುದಕ್ಕಿಂತ ಲಯ ತಪ್ಪದ ಮಗುವನ್ನು ನಿಲ್ಲಿಸಬೇಕು ಎನ್ನುವವಳು ನಾನು. ಬ್ಯೂಗಲ್ ಎಂಬ ಕಹಳೆಗೆ ಒತ್ತುವ ಗುಂಡಿಗಳಿಲ್ಲ, ಸ್ವರವೆಲ್ಲ ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಹುಟ್ಟಬೇಕು. ಕಲಿಯಲು ತಿಂಗಳುಗಳೇ ಬೇಕು. ನಮ್ಮ ಜಿಟಿಜಿಟಿ ಮಳೆಯಲ್ಲಿ ಚರ್ಮದ ಡ್ರಮ್ಮು ತೇವ ಹೀರಿ ಸಡಿಲಾಗುತ್ತದೆ, ಪ್ಲಾಸ್ಟಿಕ್ ಹೊದಿಕೆಯದಕ್ಕೆ ಆ ಕಾಟ ಕಡಿಮೆ.

ಆಮೇಲೆ ಕ್ರೀಡಾಕೂಟ, ದಸರಾ ರಜೆ, ನವೆಂಬರ್ 1ರ ರಾಜ್ಯೋತ್ಸವ. ಜನವರಿ 26 ಮುಗಿದರೆ ವಾದ್ಯಗಳು ಕಪಾಟು ಸೇರುತ್ತವೆ, ಪರೀಕ್ಷೆ ಶುರು.

ಓದು ಕೆಡುವುದಿಲ್ಲ. ಎಂಟು, ಒಂಬತ್ತರಲ್ಲಿ ಚೆನ್ನಾಗಿ ಬಾರಿಸಲಿ; ಹತ್ತನೆಯಲ್ಲಿ ಆಗಸ್ಟ್ ನಂತರ ಹೊಸಬರಿಗೆ ಬಿಟ್ಟುಕೊಟ್ಟರಾಯಿತು. ಹೆಣ್ಣುಮಕ್ಕಳಿಗೆ ಬರೀ ಟ್ರಯಾಂಗಲ್ (ತಟ್ಟಿ ನುಡಿಸುವ ತ್ರಿಕೋನದ ಲೋಹದ ಸರಳು) ಕೊಟ್ಟು ಕೂರಿಸುವ ರೂಢಿ ಕೆಲವೆಡೆ ಇದೆ. ಹಾಗಾದರೆ ಸುಮ್ಮನಿರಬೇಡಿರಿ, ಎರಡು ಕೋಲಿನಿಂದ ಬಾರಿಸುವ ಸೈಡ್ ಡ್ರಮ್ಮನ್ನೇ ಕೇಳಿರಿ. ಮತ್ತೆ, ಧ್ವಜಾರೋಹಣದ ಬೆಳಿಗ್ಗೆ ಹೊಟ್ಟೆತುಂಬ ಉಪ್ಪಿಟ್ಟು ತಿನ್ನಿಸಿಯೇ ಕಳಿಸಿರಿ. ಖಾಲಿ ಹೊಟ್ಟೆಯಲ್ಲಿ ಡ್ರಮ್ಮು ಹೊತ್ತು ಬಿಸಿಲಲ್ಲಿ ನಿಂತ ಮಕ್ಕಳು ತಲೆ ತಿರುಗಿ ಬೀಳುತ್ತಾರೆ.