ಈ ಸಮಯದಲ್ಲಿ ಯಾವ ಷೇರು ಸೇಫ್? ಚಿನ್ನ ಅಡ ಇಟ್ಟು ಕೊಳ್ಳಬಹುದಾ?

ಟ್ಯಾರಿಫ್, ಯುದ್ಧ, ರೂಪಾಯಿ ಇಳಿತ ಅಂತೆಲ್ಲ ಬರೆದು, ಯಾವ ಷೇರು ಸೇಫ್, ಇರುವುದನ್ನು ಮಾರಿ ಕಾಯಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: ದುಡ್ಡು ಕಡಿಮೆ ಬಿದ್ದರೆ ಮನೆಯ ಚಿನ್ನ ಅಡ ಇಡಬಹುದು, ಆ್ಯಪ್‌ನಲ್ಲಿ ಎಂಟಿಎಫ್ (ಬ್ರೋಕರ್ ಕೊಡುವ ಸಾಲದಲ್ಲಿ ಷೇರು ಕೊಳ್ಳುವುದು) ಕೂಡ ಇದೆ. ಆ ಸಾಲು ಇಲ್ಲದಿದ್ದರೆ ನಾನು ಉತ್ತರ ಬರೆಯುತ್ತಿರಲಿಲ್ಲ.

ದಾವಣಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. 2020ರ ಫೆಬ್ರವರಿ ಕೊನೆಗೆ ಕೊರೊನಾ ಭಯಕ್ಕೆ ಷೇರು ಮಾರುಕಟ್ಟೆ ಬೀಳಲು ಶುರುವಾದಾಗ ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. 28ನೇ ತಾರೀಖು ಒಂದೇ ದಿನ ಸೆನ್ಸೆಕ್ಸ್ 1,448 ಪಾಯಿಂಟ್ ಬಿತ್ತು. ಬಹಳ ದಿನದಿಂದ ಕಣ್ಣಿಟ್ಟಿದ್ದ ಷೇರುಗಳು ಅಗ್ಗವಾಗಿ ಕಂಡವು. ಇನ್ಫೋಸಿಸ್, ಒಂದು ದೊಡ್ಡ ಖಾಸಗಿ ಬ್ಯಾಂಕು, ಒಂದು ಪೇಂಟ್ ಕಂಪನಿ. ಪೇಂಟಿನ ಡಬ್ಬ ಎಷ್ಟು ಹೋಗುತ್ತದೆ ಅಂತ ಟಿವಿಯವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿದ್ದದ್ದು ನಾಲ್ಕು ಲಕ್ಷ. ಕೊಂಡದ್ದು ಹತ್ತು ಲಕ್ಷದ್ದು.

ಉಳಿದ ಆರು ಲಕ್ಷ ಬ್ರೋಕರ್‌ದು. ಎಂಟಿಎಫ್ ಅಂದರೆ ಅಷ್ಟೇ. ನೀವು ಒಂದಿಷ್ಟು ಹಾಕುತ್ತೀರಿ, ಮಿಕ್ಕಿದ್ದು ಅವರು ಹಾಕುತ್ತಾರೆ, ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತಾರೆ, ಕೊಂಡ ಷೇರು ಅವರ ಹತ್ತಿರವೇ ಅಡ.

ಪೂರ್ತಿ ಒಂದೇ ಸಲ ಕೊಂಡಿರಲಿಲ್ಲ. ಕೊನೆಯ ಕಂತು ಕೊಂಡದ್ದು ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ ಮಾರುಕಟ್ಟೆ 10% ಬಿದ್ದು ಲೋವರ್ ಸರ್ಕ್ಯೂಟ್ ಆಗಿ 45 ನಿಮಿಷ ವ್ಯಾಪಾರವೇ ನಿಂತಿತ್ತು. ಮತ್ತೆ ಶುರುವಾದ ಮೇಲೆ ಏರಿದ್ದೇ ಏರಿದ್ದು. ಸಂಜೆಗೆ ಹಿಂದಿನ ದಿನಕ್ಕಿಂತ 1,325 ಪಾಯಿಂಟ್ ಮೇಲೆ, 34,103ಕ್ಕೆ ಮುಗಿಯಿತು. ತಳ ಮುಟ್ಟಿ ಎದ್ದಿತು ಅಂತ ಅವತ್ತು ಮಧ್ಯಾಹ್ನ ನನ್ನಷ್ಟು ಗಟ್ಟಿಯಾಗಿ ನಂಬಿದವರು ಊರಲ್ಲಿ ಯಾರೂ ಇರಲಿಕ್ಕಿಲ್ಲ.

ಸೋಮವಾರ 2,713 ಬಿತ್ತು. ಆ ವಾರ ಮಾರ್ಜಿನ್ (ಸಾಲಕ್ಕೆ ಭದ್ರತೆಯಾಗಿ ನಾವು ಇಡಬೇಕಾದ ನಮ್ಮ ಪಾಲಿನ ದುಡ್ಡು) ಇನ್ನಷ್ಟು ಹಾಕಿ ಅಂತ ಬ್ರೋಕರ್ ಕಡೆಯಿಂದ ಮೆಸೇಜ್ ಬರಲು ಶುರುವಾಯಿತು. ಸಿಮೆಂಟ್ ಡೀಲರ್‌ಗೆ ಕೊಡಬೇಕಿದ್ದ ಒಂದು ಲಕ್ಷ ತೆಗೆದು ಹಾಕಿದೆ. ಭಾನುವಾರ ಜನತಾ ಕರ್ಫ್ಯೂ. ಅವತ್ತು ಸಂಜೆ ಬ್ರೋಕರ್ ಆಫೀಸಿನ ಹುಡುಗ ಮನೆಗೇ ಫೋನ್ ಮಾಡಿದ. "ಸರ್, ನಾಳೆ ಹಾಕ್ಲಿಲ್ಲ ಅಂದ್ರೆ ಆರ್‌ಎಂಎಸ್‌ನವರು ಸ್ಕ್ವೇರ್ ಆಫ್ ಮಾಡಿಬಿಡ್ತಾರೆ. ನನ್ನ ಕೈಯಲ್ಲಿ ಏನೂ ಇಲ್ಲ." ಆರ್‌ಎಂಎಸ್ ಅಂದರೆ ಬ್ರೋಕರ್ ಕಂಪನಿಯಲ್ಲಿ ರಿಸ್ಕ್ ನೋಡಿಕೊಳ್ಳುವ ವಿಭಾಗ, ಸ್ಕ್ವೇರ್ ಆಫ್ ಅಂದರೆ ನನ್ನ ಷೇರನ್ನು ಅವರೇ ಮಾರಿ ಸಾಲ ವಸೂಲಿ ಮಾಡಿಕೊಳ್ಳುವುದು.

ಮಾರ್ಚ್ 23, ಸೋಮವಾರ. ಮತ್ತೆ 10% ಬಿತ್ತು, ಮತ್ತೆ 45 ನಿಮಿಷ ಬಂದ್. ಆ 45 ನಿಮಿಷ ನಾನು ಉದ್ರಿ ಪುಸ್ತಕ ಹಿಡಿದು ಒಬ್ಬೊಬ್ಬರೇ ಕಾಂಟ್ರಾಕ್ಟರ್‌ಗೆ ಫೋನ್ ಮಾಡುತ್ತಾ ಕೂತೆ. ಅರ್ಧ ಜನ ಎತ್ತಲಿಲ್ಲ. ಎತ್ತಿದವರು "ಸೈಟ್ ಕೆಲ್ಸನೇ ನಿಂತೈತಿ ಸಾವ್ಕಾರ್ರೇ" ಅಂದರು. ಮಾರುಕಟ್ಟೆ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಸಾಲುಸಾಲಾಗಿ ಮೆಸೇಜ್ ಬಂದವು, ಒಂದೊಂದು ಷೇರೂ ಮಾರಾಟ. ಸೆನ್ಸೆಕ್ಸ್ ಅವತ್ತು 3,935 ಪಾಯಿಂಟ್ ಬಿದ್ದು 25,981ಕ್ಕೆ ನಿಂತಿತು. ಅವರ ಬಾಕಿ, ಬಡ್ಡಿ ಕಳೆದು ನನಗೆ ಉಳಿದದ್ದು ಒಂದು ಲಕ್ಷ ಚಿಲ್ಲರೆ. ಅದೂ ಡೀಲರ್ ದುಡ್ಡು ಸೇರಿ.

ಇದನ್ನು ಕೇಳಿದವರೆಲ್ಲ "ಹೆದರಿ ಮಾರಿಬಿಟ್ರಾ" ಅನ್ನುತ್ತಾರೆ. ಇಲ್ಲ, ನಾನು ಮಾರಲೇ ಇಲ್ಲ. ಷೇರು ಆರಿಸಿದ್ದೂ ಸರಿಯಾಗಿತ್ತು. ನನ್ನ ಕೈ ತಪ್ಪಿದಾಗ 500-550ರ ಆಸುಪಾಸಿನಲ್ಲಿದ್ದ ಇನ್ಫೋಸಿಸ್ 2021ರ ಕೊನೆಗೆ 1,800 ದಾಟಿತ್ತು. ಕೊಂಡ ಸಮಯ ಕೂಡ ಅಷ್ಟೇನೂ ಕೆಟ್ಟದ್ದಲ್ಲ. ಮಾರ್ಚ್ 13ರಂದು ಸ್ವಂತ ದುಡ್ಡಲ್ಲಿ ಕೊಂಡು ಸುಮ್ಮನೆ ಕೂತವರು ಅದೇ ವರ್ಷದ ಕೊನೆಗೆ ಒಳ್ಳೆಯ ಲಾಭದಲ್ಲಿದ್ದರು. ನಾನು ಮಾಡಿದ ತಪ್ಪು ಒಂದೇ. ಯಾವ ದಿನ ಮಾರಬೇಕು ಅನ್ನುವ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಟ್ಟಿದ್ದೆ.

ಲೆಕ್ಕ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ನಾಲ್ಕು ನಿಮ್ಮದು, ಆರು ಅವರದು, ಒಟ್ಟು ಹತ್ತು. ಷೇರು 25% ಬಿದ್ದರೆ ಹತ್ತು ಏಳೂವರೆ ಆಗುತ್ತದೆ. ಅವರ ಆರು ಆರೇ. ನಿಮ್ಮ ನಾಲ್ಕು ಒಂದೂವರೆ ಆಯಿತು. ಷೇರು ಕಾಲು ಭಾಗ ಬಿತ್ತು, ನಿಮ್ಮದು ಅರ್ಧಕ್ಕಿಂತ ಜಾಸ್ತಿ ಹೋಯಿತು. 35% ಬಿದ್ದರೆ ನಿಮಗೆ ಉಳಿಯುವುದು ಅರ್ಧ ಲಕ್ಷ. ಇದರ ಮೇಲೆ ಇನ್ನೊಂದಿದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಏರಿಳಿತ ಜಾಸ್ತಿಯಾದರೆ ಕೇಳುವ ಮಾರ್ಜಿನ್ ಕೂಡ ಜಾಸ್ತಿಯಾಗುತ್ತದೆ. ನಿಮ್ಮ ಪಾಲು ಕರಗುತ್ತಿರುವ ಹೊತ್ತಿಗೇ ಅವರು ಕೇಳುವ ಪಾಲು ದೊಡ್ಡದಾಗುತ್ತದೆ.

ಮತ್ತೆ ಆ ದುಡ್ಡು ತರುವುದೆಲ್ಲಿಂದ? ಅಂಗಡಿ ಇದೆಯಲ್ಲ, ಏನಾದರೂ ಆದರೆ ತುಂಬಿದರಾಯಿತು ಅಂತ ನಾನಂದುಕೊಂಡಿದ್ದೆ. ಆದರೆ ಷೇರು ಬೀಳಿಸಿದ ಅದೇ ಕೊರೊನಾದಿಂದ ಅಂಗಡಿಯ ವ್ಯಾಪಾರವೂ ನಿಂತಿತು, ಉದ್ರಿಯೂ ಬರಲಿಲ್ಲ. ನೀವು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಅಂತ ಬರೆದಿದ್ದೀರಿ. ಟ್ಯಾರಿಫ್‌ಗೆ ಷೇರು ಬೀಳುವ ದಿನ ನಿಮ್ಮ ಸಂಬಳಕ್ಕೂ ಕುತ್ತು ಬರಬಹುದು ಅಲ್ವಾ? ಅದನ್ನು ಯೋಚಿಸಿದ್ದೀರಾ?

ಇನ್ನು ಪರಿಸ್ಥಿತಿ ತಿಳಿಯಾಗುವ ತನಕ ಕಾಯಲಾ ಅಂದಿರಿ. 2020ರ ಏಪ್ರಿಲ್-ಜೂನ್‌ನಲ್ಲಿ ಜಿಡಿಪಿ 23.9% ಕುಸಿದಿದೆ ಅಂತ ಸರ್ಕಾರ ಹೇಳಿದ್ದು ಆಗಸ್ಟ್ 31ಕ್ಕೆ. ಅವತ್ತು ನಿಫ್ಟಿ (ಸೆನ್ಸೆಕ್ಸ್‌ನಂಥದ್ದೇ ಇನ್ನೊಂದು ಸೂಚ್ಯಂಕ) 11,300ರ ಮೇಲಿತ್ತು. ತಳ ಕಂಡದ್ದು ಮಾರ್ಚ್ 24ರಂದು, 7,511ಕ್ಕೆ. ಅವತ್ತೇ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಗಿತ್ತು. ಕೆಟ್ಟ ಸುದ್ದಿ ಅಧಿಕೃತವಾಗಿ ಬರುವಷ್ಟರಲ್ಲಿ ಮಾರುಕಟ್ಟೆ ಒಂದೂವರೆ ಪಟ್ಟು ಆಗಿತ್ತು. ತಿಳಿಯಾಗಲಿ ಅಂತ ಕಾಯುವುದು ಅಂದರೆ ದುಬಾರಿಯಾಗಲಿ ಅಂತ ಕಾಯುವುದೇ. ಹಾಗಾಗಿ ಇರುವ ಷೇರಿನ ಮೇಲೆ ಸಾಲವಿಲ್ಲ, ಆ ದುಡ್ಡು ಸದ್ಯಕ್ಕೆ ಬೇಕಿಲ್ಲ ಅಂದರೆ ಮಾರಬೇಡಿ. ಮುಂದಿನ ವರ್ಷ ಮಗಳ ಫೀಸಿಗೆ ಬೇಕಾದ ದುಡ್ಡು ಅದರಲ್ಲಿದ್ದರೆ ಅಷ್ಟನ್ನು ಈಗಲೇ ತೆಗೆದು ಎಫ್‌ಡಿಗೆ ಹಾಕಿ.

ಯಾವ ಷೇರು ಸೇಫ್ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಆ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಎಫ್‌ಎಂಸಿಜಿ (ಸೋಪು, ಬಿಸ್ಕತ್ತಿನಂಥ ದಿನಬಳಕೆ ವಸ್ತು ಮಾಡುವ ಕಂಪನಿಗಳು), ಫಾರ್ಮಾ (ಔಷಧ ಕಂಪನಿಗಳು) ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಈಗ ತಿಂಗಳು ತಿಂಗಳು ನಿಫ್ಟಿ ಇಂಡೆಕ್ಸ್ ಫಂಡ್‌ಗೆ (ನಿಫ್ಟಿಯಲ್ಲಿರುವ ಎಲ್ಲ ಕಂಪನಿಗಳ ಷೇರನ್ನೂ ಕೊಳ್ಳುವ ಮ್ಯೂಚುವಲ್ ಫಂಡ್) ಹಾಕುತ್ತೇನೆ, ಅಂಗಡಿಯ ಆರು ತಿಂಗಳ ಖರ್ಚು ಬೇರೆ ಇಟ್ಟ ಮೇಲೆ.  

ಚಿನ್ನದ ಸಾಲ ಎಂಟಿಎಫ್‌ಗಿಂತ ಒಂದು ವಿಷಯದಲ್ಲಿ ವಾಸಿ. ಷೇರು ಬಿದ್ದಿತು ಅಂತ ಬ್ಯಾಂಕಿನವರು ಫೋನ್ ಮಾಡುವುದಿಲ್ಲ. ಆದರೂ ಬೇಡ ಅಂತಲೇ ಹೇಳುತ್ತೇನೆ. ಬಂಗಾರದ ರೇಟು ಏರಿದ್ದಕ್ಕೆ ಸಾಲ ಜಾಸ್ತಿ ಸಿಗುತ್ತಿದೆ, ಆಸೆ ಹುಟ್ಟಿಸಿದ್ದು ಅದೇ. ಸಾಮಾನ್ಯವಾಗಿ ವರ್ಷದೊಳಗೆ ಬಿಡಿಸಿಕೊಳ್ಳಬೇಕು, ಷೇರು ವರ್ಷದೊಳಗೆ ಏರುತ್ತದೆ ಅಂತ ಬರೆದುಕೊಟ್ಟವರು ಯಾರು? ಇನ್ನೊಂದು ಮಾತು, ಆ ಬಂಗಾರ ಯಾರದ್ದು ಅಂತ ನೀವು ಬರೆದಿಲ್ಲ. ಹೆಂಡತಿಯದ್ದೋ ತಾಯಿಯದ್ದೋ ಆಗಿದ್ದರೆ ಮೇಲಿನ ಲೆಕ್ಕವನ್ನು ಮೊದಲು ಅವರಿಗೆ ತೋರಿಸಿ. ಎಂಟಿಎಫ್ ಇವತ್ತೇ ಆಫ್ ಮಾಡಿ. ನಿಮ್ಮ ಆ್ಯಪ್‌ನಲ್ಲಿ ಆಯ್ಕೆ ಸಿಗದಿದ್ದರೆ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ, ಫೋನಿನಲ್ಲಿ ಹೇಳಿ ಬಿಡಬೇಡಿ.