ಓದುಗರ ಪ್ರಶ್ನೆ: ಮತ್ತೆ ಬೆಂಚಿನ ಮೇಲೆ ಕೂರಬೇಕಾ?

ಈ ಸಲದ ಪತ್ರಗಳಲ್ಲಿ ಐದು ಪಿಎಚ್.ಡಿ. ಕೋರ್ಸ್‌ವರ್ಕ್, ಅಂದರೆ ಥೀಸಿಸ್‌ಗೆ ಮೊದಲು ಮುಗಿಸಬೇಕಾದ ಕ್ಲಾಸು, ಪರೀಕ್ಷೆಗಳ ಬಗ್ಗೆಯೇ ಇದ್ದವು. ಐದರಲ್ಲೂ ಸ್ವಲ್ಪ ಸಿಟ್ಟಿತ್ತು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಇವತ್ತು ಇದನ್ನೇ ಮುಗಿಸೋಣ.

ಪ್ರಶ್ನೆ: ಸ್ನಾತಕೋತ್ತರ ಪದವಿ ಮುಗಿಸಿ ನಾಲ್ಕು ವರ್ಷ ಪಾಠ ಮಾಡಿ ಈಗ ಪಿಎಚ್.ಡಿ.ಗೆ ಸೇರಿದ್ದೇನೆ. ವಿಷಯ ಗೊತ್ತು, ಏನು ಹುಡುಕಬೇಕು ಅನ್ನೋದೂ ಗೊತ್ತು. ಆದರೂ ಆರು ತಿಂಗಳು ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯಬೇಕಂತೆ, ಪರೀಕ್ಷೆ ಬೇರೆ. ಸಂಶೋಧನೆ ಅಂದ್ರೆ ಹೊಸದನ್ನು ಹುಡುಕೋದು ಅಲ್ವಾ? ಇದು ಟೈಂ ವೇಸ್ಟ್ ಅಲ್ಲದೆ ಮತ್ತೇನು?

ಉತ್ತರ: ನಾನೂ ಇದೇ ಸಿಟ್ಟಿನಲ್ಲಿ ಕೂತಿದ್ದವನು, ಅದೂ ಕೊನೇ ಬೆಂಚಿನಲ್ಲಿ. ಸಂಖ್ಯಾಶಾಸ್ತ್ರದ ಕ್ಲಾಸಿಗೆ ಹೋಗಿ ಹಾಜರಿ ಹಾಕಿಸಿಕೊಂಡು ಬರುತ್ತಿದ್ದೆ, ಅಷ್ಟೇ. ಅದು ಎಷ್ಟು ದುಬಾರಿ ಅಂತ ಗೊತ್ತಾಗಿದ್ದು ಮೂರನೇ ವರ್ಷದಲ್ಲಿ.

ನನ್ನ ಕೆಲಸ ಶಾಲಾ ಮಕ್ಕಳ ಓದುವ ಅಭ್ಯಾಸದ ಬಗ್ಗೆ. 12 ಶಾಲೆ, ಒಂದೊಂದರಲ್ಲಿ 25 ಮಕ್ಕಳು, ಒಟ್ಟು 300. ಮುನ್ನೂರು ಅಂದ್ರೆ ಸುಮ್ನೆ ಅಲ್ಲ ಅಂತ ಬೀಗುತ್ತಿದ್ದೆ. ಒಂದು ಸೆಮಿನಾರಿನಲ್ಲಿ ಬೇರೆ ವಿಭಾಗದ ಒಬ್ಬರು ಹಿಂದಿನ ಸಾಲಿನಿಂದ ಕೇಳಿದರು: "ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲ್ತಾರಲ್ಲ, ಅದನ್ನು ಲೆಕ್ಕಕ್ಕೆ ತಗೊಂಡಿದ್ದೀರಾ?" ನಾನು ಗೈಡ್ ಮುಖ ನೋಡಿದೆ. ಗೈಡ್ ಫ್ಯಾನ್ ನೋಡುತ್ತಿದ್ದರು.

ವಿಷಯ ಕಷ್ಟದ್ದೇನಲ್ಲ. ಒಂದೇ ಟೀಚರ್, ಒಂದೇ ಲೈಬ್ರರಿ, ಒಂದೇ ಟೈಂಟೇಬಲ್. ಹಾಗಾಗಿ ಎರಡನೇ ಮಗು ಕೊಡುವ ಉತ್ತರದಲ್ಲಿ ಒಂದಿಷ್ಟನ್ನು ಮೊದಲನೇ ಮಗು ಆಗಲೇ ಹೇಳಿಯಾಗಿರುತ್ತದೆ. ಈ ಹೋಲಿಕೆಯನ್ನು ಅಳೆಯುವ ಒಂದು ಸಂಖ್ಯೆ ಇದೆ. ನನ್ನ ಡೇಟಾದಲ್ಲಿ ಅದು 0.1 ಬಂತು, ನೋಡೋಕೆ ಚಿಕ್ಕದು. ಈಗ ಲೆಕ್ಕ ಹಾಕಿ: ಗುಂಪಿನ 25ರಲ್ಲಿ ಒಂದು ಕಳೆದರೆ 24, ಅದನ್ನು 0.1ರಿಂದ ಗುಣಿಸಿದರೆ 2.4, ಅದಕ್ಕೆ ಒಂದು ಸೇರಿಸಿದರೆ 3.4. ನನ್ನ 300ನ್ನು ಈ 3.4ರಿಂದ ಭಾಗಿಸಬೇಕು. ಸುಮಾರು 88 ಬರುತ್ತದೆ. ಅಂದರೆ ಮುನ್ನೂರು ಮಕ್ಕಳನ್ನು ಮಾತಾಡಿಸಿ ಬಂದಿದ್ದ ನನ್ನ ಹತ್ತಿರ ನಿಜಕ್ಕೂ ಇದ್ದದ್ದು ಎಂಬತ್ತೆಂಟು ಮಕ್ಕಳಿಂದ ಸಿಗುವಷ್ಟು ಮಾಹಿತಿ. ಹಿಗ್ಗಿಕೊಂಡು ಬರೆದಿದ್ದ ಫಲಿತಾಂಶಗಳಲ್ಲಿ ಅರ್ಧ ಅಲ್ಲೇ ಬಿದ್ದುಹೋದವು. ಎರಡು ಅಧ್ಯಾಯ ಮತ್ತೆ ಬರೆದೆ, ಹನ್ನೊಂದು ತಿಂಗಳು ಹೋಯಿತು.

ತಮಾಷೆ ಏನು ಗೊತ್ತಾ? ಆ ಪಾಠ ಕೋರ್ಸ್‌ವರ್ಕಿನ ಆರನೇ ವಾರದಲ್ಲೇ ಆಗಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ತಾರೀಕು ಇದೆ, ಪಾಠದ ಹೆಸರಿದೆ, ಕೆಳಗೆ ಒಂದು ಬೆಕ್ಕಿನ ಚಿತ್ರ ಇದೆ.

"ಬೇಕಾದಾಗ ಪುಸ್ತಕ ತೆಗೆದು ಓದ್ಕೊಳ್ತೀನಿ" ಅಂತ ನೀವು ಹೇಳಬಹುದು. ಸರಿ, ಆದರೆ ಬೇಕು ಅಂತ ಗೊತ್ತಾಗೋದು ಹೇಗೆ? ಇಂಥದ್ದೊಂದು ಇದೆ ಅಂತ ಒಂದು ಸಲವಾದರೂ ಕಿವಿಗೆ ಬಿದ್ದಿರಬೇಕು, ಇಲ್ಲದಿದ್ದರೆ ಯಾವ ಪುಸ್ತಕದ ಯಾವ ಪುಟ ತೆಗೀತೀರಿ?

ಇನ್ನು "ಸಂಶೋಧನೆ ಅಂದ್ರೆ ಹೊಸದು ಹುಡುಕೋದು" ಅನ್ನೋ ಮಾತು. ಇದು ಹಳೇ ಜಗಳ. 1810ರಲ್ಲಿ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಸಂಶೋಧನೆ ಅಂದರೆ ಒಬ್ಬ ಪ್ರೊಫೆಸರ್ ಜತೆ ಸೇರಿ, ಅವರ ಸೆಮಿನಾರಿನಲ್ಲೋ ಲ್ಯಾಬಿನಲ್ಲೋ ಕೆಲಸ ಕಲಿಯೋದು. ಬಡಗಿಯ ಹತ್ತಿರ ಹುಡುಗ ಕೆಲಸ ಕಲಿತಂತೆ. ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟಿತು, 1876ರಲ್ಲಿ ಜಾನ್ಸ್ ಹಾಪ್ಕಿನ್ಸ್ ಬಂತು. ಅಲ್ಲಿ ಅನೇಕರು ನಾಲ್ಕು ವರ್ಷದ ಪದವಿ ಮುಗಿಸಿ ಮಾಸ್ಟರ್ಸ್ ಇಲ್ಲದೇ ನೇರವಾಗಿ ಪಿಎಚ್.ಡಿ.ಗೆ ಬರುತ್ತಾರೆ. ಆ ಪದವಿಯೂ ನಾಲ್ಕಾರು ವಿಷಯ ಮುಟ್ಟಿಸಿದ್ದಾಗಿರುತ್ತದೆ. ಹಾಗಾಗಿ ಮೊದಲು ಒಂದೆರಡು ವರ್ಷ ಕೋರ್ಸ್, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ಥೀಸಿಸ್. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ಈ ಪದವಿ ಶುರು ಮಾಡಿದ್ದು 1917ರಲ್ಲಿ. ಅಲ್ಲಿ ಮೊದಲ ಪದವಿಯೇ ಒಂದೇ ವಿಷಯದ್ದು. ಆದ್ದರಿಂದ ಕ್ಲಾಸ್ ಗೀಸ್ ಇಲ್ಲದೆ ನೇರವಾಗಿ ಕೆಲಸಕ್ಕೆ ಇಳಿಸಿದರು.

ಅಂದರೆ ಹಿಂದಿನ ಪದವಿ ನಿಮ್ಮನ್ನು ಎಲ್ಲಿ ಇಳಿಸಿ ಹೋಗಿದೆ ಅನ್ನೋದರ ಮೇಲೆ ಇದು ನಿಂತಿದೆ. ಆದರೂ ಆ ಬ್ರಿಟನ್ನಿನಲ್ಲೇ 2002ರ ರಾಬರ್ಟ್ಸ್ ವರದಿ ಪಿಎಚ್.ಡಿ. ಮಾಡುವವರಿಗೆ ತರಬೇತಿ ಸಾಲದು ಅಂತ ಗೊಣಗಿತು. ಆಮೇಲೆ ಮೊದಲ ವರ್ಷದಲ್ಲೇ ಕೋರ್ಸ್ ಇಟ್ಟುಕೊಂಡ ನಾಲ್ಕು ವರ್ಷದ ಪಿಎಚ್.ಡಿ. ಕೇಂದ್ರಗಳು ಬಂದವು. ಯುರೋಪಿನವರು 2005ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಕೂತು, ಪಿಎಚ್.ಡಿ.ಯ ತಿರುಳು ಸ್ವಂತ ಸಂಶೋಧನೆಯೇ ಅಂತ ಬರೆದುಕೊಂಡರು. ನಿಮ್ಮ ಪತ್ರವನ್ನು ಅಲ್ಲಿ ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತೇನೋ.

ನನ್ನ ಮಟ್ಟಿಗೆ ಕೋರ್ಸ್‌ವರ್ಕ್ ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದನ್ನು ನಾನು ಯಾವ ನಿಯಮದ ಪುಸ್ತಕದಲ್ಲೂ ನೋಡಿಲ್ಲ. ಪಿಎಚ್.ಡಿ. ವಿದ್ಯಾರ್ಥಿಯ ಇಡೀ ಲೋಕ ಒಬ್ಬ ಗೈಡ್ ಕೈಯಲ್ಲಿರುತ್ತದೆ. ಅವರು ಒಳ್ಳೆಯವರಾದರೆ ಪುಣ್ಯ. ಅವರಿಗೆ ನಿವೃತ್ತಿ ಆದರೆ, ಬೇರೆ ಕಡೆ ಹೋದರೆ, ನಿಮ್ಮ ಮೇಲೆ ಮುನಿಸಿಕೊಂಡರೆ, ಅಥವಾ ನನ್ನ ಗೈಡ್ ಹಾಗೆ ಒಂದು ವಿಷಯ ಅವರಿಗೇ ಗೊತ್ತಿಲ್ಲದಿದ್ದರೆ, ನೀವು ಯಾರ ಬಾಗಿಲು ತಟ್ಟುತ್ತೀರಿ? ಕೋರ್ಸ್‌ವರ್ಕ್ ಮಾಡಿದವರಿಗೆ ಇನ್ನೂ ಮೂರು ಮಂದಿ ಮೇಷ್ಟ್ರ ಪರಿಚಯ ಇರುತ್ತದೆ. ಅವರು ನಿಮ್ಮ ಹತ್ತು ಪುಟವನ್ನಾದರೂ ಓದಿರುತ್ತಾರೆ. ಜತೆಗೆ ಅದೇ ವರ್ಷ ಸೇರಿದ ನಾಲ್ಕು ಗೆಳೆಯರು ಸಿಗುತ್ತಾರೆ. ಮೂರನೇ ವರ್ಷ ಎಲ್ಲ ಬಿಟ್ಟು ಹೋಗೋಣ ಅನಿಸಿದಾಗ ಒಂಬತ್ತು ಗಂಟೆ ರಾತ್ರಿಗೆ ಫೋನ್ ಎತ್ತುವವರು ಅವರೇ.

ಇಷ್ಟು ಹೇಳಿದ ಮೇಲೆ ನಿಮ್ಮ ಸಿಟ್ಟಿನ ಪಾಲನ್ನೂ ಕೊಡಬೇಕು. ಕೋರ್ಸ್‌ವರ್ಕ್ ಹೆಸರಿನಲ್ಲಿ ನಡೆಯುವುದು ಎಷ್ಟೋ ಕಡೆ ಎಂ.ಎ. ಪಾಠದ ಎರಡನೇ ಪ್ರದರ್ಶನ. "ಸಂಶೋಧನೆಯ ಅರ್ಥ, ಲಕ್ಷಣ, ವಿಧಗಳು", ಹತ್ತು ಅಂಕಕ್ಕೆ ಬರೆಯಿರಿ. ಇದನ್ನು ಬಾಯಿಪಾಠ ಮಾಡಿ ಯಾರೂ ಸಂಶೋಧಕರಾಗಿಲ್ಲ. ಭಾರತದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2009ರ ನಿಯಮದಿಂದ ಕೋರ್ಸ್‌ವರ್ಕ್ ಕಡ್ಡಾಯ ಆಯಿತು. 2022ರ ನಿಯಮದ ಪ್ರಕಾರ ಕನಿಷ್ಠ 12 ಕ್ರೆಡಿಟ್ ಬೇಕು, ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಕೋರ್ಸೂ ಸೇರಿದೆ, ಮುಂದುವರಿಯಲು 55% ಅಂಕ ಬೇಕು. ನಿಯಮ ಪಾತ್ರೆ ಕೊಟ್ಟಿದೆ. ಅದರೊಳಗೆ ಏನು ಹಾಕುತ್ತಾರೆ ಅನ್ನೋದು ಆಯಾ ವಿಭಾಗದ ಕೈಯಲ್ಲಿದೆ, ಬಹಳ ಸಲ ಹಳೇ ನೋಟ್ಸೇ ಬೀಳುತ್ತದೆ.

ನನ್ನನ್ನು ಕೇಳಿದರೆ, ಎಲ್ಲರಿಗೂ ಒಂದೇ ಪಟ್ಟಿ ಇರಬಾರದು. ನಿಮ್ಮ ವಿಷಯ ನೋಡಿ, ನೀವು, ಗೈಡ್ ಮತ್ತು ಹೊರಗಿನ ಒಬ್ಬರು ಕೂತು ಯಾವುದು ಬೇಕು ಅಂತ ತೀರ್ಮಾನಿಸಬೇಕು. ಗೊತ್ತಿರುವ ವಿಷಯ ಗೊತ್ತಿದೆ ಅಂತ ತೋರಿಸಿದವರಿಗೆ ವಿನಾಯಿತಿ ಇರಬೇಕು. ಮೂರು ಗಂಟೆಯ ಪರೀಕ್ಷೆ ಬದಲು ಕೆಲಸ ಕೊಡಬೇಕು. ನಾಲ್ಕು ವರ್ಷ ಪಾಠ ಮಾಡಿದವರು ನೀವು, ಪಾಠ ಮಾಡುವ ಕಲೆಯ ಕೋರ್ಸ್ ಇದ್ದರೆ ಅದರಿಂದ ವಿನಾಯಿತಿ ಕೇಳಿ, ಬರವಣಿಗೆಯಲ್ಲೇ ಕೇಳಿ. ಸಿಗದಿದ್ದರೂ ಕಳೆದುಕೊಳ್ಳೋದೇನಿಲ್ಲ. ಆದರೆ ಸಂಖ್ಯಾಶಾಸ್ತ್ರದ ಕ್ಲಾಸಿನಲ್ಲಿ ಬೆಕ್ಕು ಬರೆಯಬೇಡಿ.

ಪ್ರಶ್ನೆ: ಎರಡು ಐಚ್ಛಿಕ ಪೇಪರ್ ಆರಿಸಿಕೊಳ್ಳಬೇಕು. ಸೀನಿಯರ್‌ಗಳು "ಸುಲಭದ್ದು ತಗೋ, ಅಂಕ ಬರುತ್ತೆ" ಅಂತಾರೆ. ನೀವು?

ಉತ್ತರ: ಯಾವುದರ ಹೆಸರು ಕೇಳಿದರೆ ಹೊಟ್ಟೆಯಲ್ಲಿ ತಳಮಳ ಆಗುತ್ತದೋ ಅದನ್ನು ಒಂದು ತಗೊಳ್ಳಿ. ಇನ್ನೊಂದು ಸುಲಭದ್ದೇ ಇರಲಿ, ನೀವೂ ಮನುಷ್ಯರೇ. ಕಷ್ಟದ್ದನ್ನು ಮುಂದೆ ನೋಡಿಕೊಳ್ಳೋಣ ಅಂತ ಬಿಟ್ಟರೆ ಏನಾಗುತ್ತದೆ ಅಂತ ಒಂದು ಉದಾಹರಣೆ. ನಿಮ್ಮ ಹತ್ತಿರ ಇಪ್ಪತ್ತು ಅಂಶಗಳಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ಟೆಸ್ಟ್ ಹಾಕುತ್ತೀರಿ, ಏನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಂಥ ಫಲಿತಾಂಶ ಬರುವ ಸಾಧ್ಯತೆ 0.05ಕ್ಕಿಂತ (5%) ಕಡಿಮೆ ಇದ್ದರೆ ಅದನ್ನು "ಸಿಕ್ಕಿತು" ಅಂತ ಬರೆಯುತ್ತೀರಿ. ನಿಜಕ್ಕೂ ಅಲ್ಲಿ ಏನೂ ಇಲ್ಲ ಅಂತಲೇ ಇಟ್ಟುಕೊಳ್ಳಿ, ಟೆಸ್ಟ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂತಲೂ ಇಟ್ಟುಕೊಳ್ಳಿ. ಆದರೂ ಒಂದಾದರೂ ಸುಳ್ಳು "ಸಿಕ್ಕಿತು" ಬರುವ ಸಾಧ್ಯತೆ 64%. ಸಾಫ್ಟ್‌ವೇರ್ ಇದನ್ನು ಹೇಳೋದಿಲ್ಲ, ನಕ್ಷತ್ರದ ಗುರುತು ಹಾಕಿ ಸುಮ್ಮನಾಗುತ್ತದೆ.

ಪ್ರಶ್ನೆ: ವಿಜ್ಞಾನದವರಿಗೆ ಸರಿ. ಇತಿಹಾಸ, ಸಾಹಿತ್ಯದವರಿಗೆ ಕೋರ್ಸ್‌ವರ್ಕ್ ಯಾಕೆ? ನಾವು ಓದೋದೇ ಕೆಲಸ.

ಉತ್ತರ: ಓದೋದನ್ನೂ ಕಲಿಯಬೇಕಲ್ಲ. ಹಳೇ ಇಂಗ್ಲಿಷ್ ಕಾಗದವೊಂದು ನಿಮ್ಮ ಕೈಗೆ ಸಿಕ್ಕಿತು ಅಂದುಕೊಳ್ಳಿ, ಮೇಲೆ 1700, ಫೆಬ್ರವರಿ 10 ಅಂತ ತಾರೀಕು. ನೀವು 1700 ಅಂತಲೇ ಬರೆದುಕೊಳ್ಳುತ್ತೀರಿ. ಆದರೆ ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಈ ಪದ್ಧತಿ ಹೋಗಿದ್ದು 1752ರಲ್ಲಿ, ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದೂ ಅದೇ ವರ್ಷ. ಹಾಗಾಗಿ ಆ ಕಾಗದ ನಮ್ಮ ಲೆಕ್ಕಕ್ಕೆ 1701ರದ್ದು. ಒಂದು ವರ್ಷ ಹಿಂದೆ ಮುಂದೆ ಆದರೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದುಬಿಡುತ್ತದೆ, ನೀವು ಅದರ ಮೇಲೆ ಒಂದು ಅಧ್ಯಾಯ ಕಟ್ಟಿರುತ್ತೀರಿ. ಹಳೇ ಕೈಬರಹ ಓದೋದು, ಒಂದೇ ಕೃತಿಯ ನಾಲ್ಕು ಪ್ರತಿ ಇಟ್ಟುಕೊಂಡು ಹೋಲಿಸೋದು, ದಾಖಲೆ ಬರೆದವರು ಯಾರು ಯಾರಿಗಾಗಿ ಬರೆದರು ಅಂತ ಕೇಳೋದು, ಇವೆಲ್ಲ ಒಬ್ಬರು ಪಕ್ಕದಲ್ಲಿ ಕೂತು ತೋರಿಸಿದರೆ ಒಂದು ತಿಂಗಳ ಕೆಲಸ, ತಾನಾಗಿ ಕಲಿಯಲು ಹೋದರೆ ಎರಡು ವರ್ಷ. ನಿಮಗೆ ಇನ್ನೊಂದು ಭಾಷೆ ಬೇಕಾಗಿದ್ದರೆ ಅದೇ ನಿಮ್ಮ ಕೋರ್ಸ್‌ವರ್ಕ್ ಆಗಲಿ ಅಂತ ಹಟ ಹಿಡಿಯಿರಿ.

ಪ್ರಶ್ನೆ: ನಾನು ಆ ಕಡೆಯವನು. ಭೌತಶಾಸ್ತ್ರ, ವಾಣಿಜ್ಯ, ಇತಿಹಾಸದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಸಂಶೋಧನಾ ವಿಧಾನ ಪಾಠ ಮಾಡು ಅಂದಿದ್ದಾರೆ. ಏನು ಮಾಡಲಿ?

ಉತ್ತರ: ವ್ಯಾಖ್ಯೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಒಂದು ತಪ್ಪಿದ ಲೇಖನ ತಂದು ಮೇಜಿನ ಮೇಲೆ ಹಾಕಿ. 2020ರ ಮೇ ತಿಂಗಳಲ್ಲಿ ದಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ, ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧಿ ಕೊಡುವುದರ ಬಗ್ಗೆ ಒಂದು ಲೇಖನ ಬಂತು, 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ಡೇಟಾ ಅಂತ ಹೇಳಿಕೊಂಡಿತ್ತು. ಎರಡೇ ವಾರದಲ್ಲಿ, ಜೂನ್ ಮೊದಲಲ್ಲೇ, ಅದನ್ನು ವಾಪಸ್ ಪಡೆದರು. ಕಣ್ಣಿಗೆ ಬಿದ್ದ ತಪ್ಪುಗಳಲ್ಲಿ ಒಂದು ಎಷ್ಟು ಸರಳ ಅಂದರೆ, ಆಸ್ಟ್ರೇಲಿಯಾದ ಕೋವಿಡ್ ಸಾವಿನ ಸಂಖ್ಯೆ ಆ ದೇಶದ ಅಧಿಕೃತ ಲೆಕ್ಕಕ್ಕಿಂತ ಜಾಸ್ತಿ ಇತ್ತು. ಇದನ್ನು ಹಿಡಿಯಲು ಡಾಕ್ಟರ್ ಆಗಬೇಕಿಲ್ಲ, ಇತಿಹಾಸದ ಹುಡುಗಿಯೇ ಮೊದಲು ಹಿಡಿದರೂ ಹಿಡಿಯಬಹುದು. ಏನೂ ಹೇಳದೆ ಲೇಖನ ಕೊಟ್ಟು, ಒಂದು ವಾರ ಬಿಟ್ಟು "ಯಾವ ಸಂಖ್ಯೆ ನಂಬೋದಿಲ್ಲ?" ಅಂತ ಕೇಳಿ. ಮುಂದಿನ ವಾರಕ್ಕೆ ಅವರವರ ವಿಷಯದ ಒಂದು ಒಳ್ಳೆ ಲೇಖನ ತರಿಸಿ, ಅದರ ಒಂದು ಕೋಷ್ಟಕವನ್ನೋ ಒಂದು ವಾದವನ್ನೋ ಮೊದಲಿಂದ ಕಟ್ಟಿ ತೋರಿಸಲು ಹೇಳಿ. ಸೆಮಿಸ್ಟರ್ ಪೂರ್ತಿ ಇಷ್ಟೇ ಮಾಡಿದರೂ ಸಾಕು. ಪ್ರಶ್ನೆಪತ್ರಿಕೆ ಬೇಕು ಅಂತ ಆಫೀಸಿನವರು ಬಂದೇ ಬರುತ್ತಾರೆ, ಅವರಿಗೂ ಒಂದು ಕೊಡಿ.

ಪ್ರಶ್ನೆ: ಕೋರ್ಸ್‌ವರ್ಕ್ ಪರೀಕ್ಷೆಯಲ್ಲಿ ಫೇಲ್ ಆದೆ. ನಾನು ಸಂಶೋಧನೆಗೆ ಲಾಯಕ್ಕಿಲ್ಲ ಅಂತಾನಾ?

ಉತ್ತರ: ಮೂರು ಗಂಟೆಯಲ್ಲಿ ವೇಗವಾಗಿ ಬರೆಯಲು ಆಗಲಿಲ್ಲ ಅಂತ, ಅಷ್ಟೇ. ಮರುಪರೀಕ್ಷೆ ಯಾವಾಗ ಅಂತ ಇವತ್ತೇ ಕೇಳಿಕೊಂಡು ಬನ್ನಿ. ಉತ್ತರಪತ್ರಿಕೆ ತೋರಿಸುತ್ತಾರಾ ಅಂತಲೂ ಕೇಳಿ, ಎಲ್ಲಿ ಎಡವಿದಿರಿ ಅನ್ನೋದು ಅಂಕಪಟ್ಟಿಗಿಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಪಾಸಾದ ನಿಮ್ಮ ಗೆಳೆಯರನ್ನು ನೋಡಿ ಕೊರಗಬೇಡಿ. ಆ ಸಂಖ್ಯಾಶಾಸ್ತ್ರದ ಪೇಪರಿನಲ್ಲಿ ನನಗೆ 71 ಬಂದಿತ್ತು.